ಹಿಂಡಬಾರದ ಬೆರಳು

ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾವ ಸೂಚನಾಪತ್ರವೂ ಮೂರನೇ ಸಲ ಓದಿದ ಮೇಲೆ ನನಗೆ ಅರ್ಥವಾಗುವುದಿಲ್ಲ. ಮೊದಲ ಸಲ ಎಲ್ಲ ತಿಳಿದಂತಿರುತ್ತದೆ, ಎರಡನೇ ಸಲ ಸಣ್ಣ ಅನುಮಾನ. ಮೂರನೇ ಸಲಕ್ಕೆ ಕಾಗದವನ್ನೇ ತಲೆಕೆಳಗಾಗಿ ಹಿಡಿದಿದ್ದೇನೋ ಎಂದು ನೋಡಿಕೊಳ್ಳುವ ಹಾಗಾಗುತ್ತದೆ.

ಈಚೆಗೆ ಮನೆಗೆ ಅಂಥದೇ ಒಂದು ಕಾಗದ ಬಂತು. ಜೊತೆಗೆ ಅಂಗೈಯಗಲದ ಮೀಟರ್, ಒಂದು ಡಬ್ಬಿ ಸ್ಟ್ರಿಪ್ಪು. ನನ್ನ ಹೆಂಡತಿ ಸುಜಾತಳ ಹೃದಯಕ್ಕೆ ಹೋದ ವರ್ಷ ಹೊಸ ಕವಾಟ ಹಾಕಿದ್ದಾರೆ. ಅಂದಿನಿಂದ ರಕ್ತ ತೆಳುವಾಗಿಡುವ ಮಾತ್ರೆ. ರಕ್ತ ಬೇಗ ಹೆಪ್ಪುಗಟ್ಟಿದರೆ ಕವಾಟ ಕಟ್ಟಿಕೊಳ್ಳುತ್ತದೆ, ತೀರಾ ತೆಳುವಾದರೆ ಒಳಗೊಳಗೇ ಸೋರುತ್ತದೆ. ವಾರಕ್ಕೊಮ್ಮೆ ಮನೆಯಲ್ಲೇ ನೋಡಿ, ನಂಬರು ಎರಡೂವರೆಯಿಂದ ಮೂರೂವರೆಯೊಳಗೆ ಇರಬೇಕು, ಇಳಿದರೆ ರಕ್ತ ಗಟ್ಟಿ, ಏರಿದರೆ ತೆಳು ಎಂದರು ಡಾಕ್ಟರು. ಲೀಟರಲ್ಲ, ಕಿಲೋ ಅಲ್ಲ, ಬರೀ ಎರಡೂವರೆ!

ಹಾಗಂತ ನಾನು ಮೀಟರ್ ಕಾಣದವನೇನಲ್ಲ. ಶಾಂತಿಗ್ರಾಮದ ಹತ್ತಿರ ನಮ್ಮೂರ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವನು ನಾನೇ. ಆ ಜಂಬದಲ್ಲೇ ಡಬ್ಬಿ ಬಿಚ್ಚಿ ಕೂತೆ. ಪಕ್ಕದ ಮನೆಯ ತಿಮ್ಮಣ್ಣ, "ನಂದೂ ವಸಿ ಸಕ್ಕರೆ ನೋಡ್ಬುಡಣ್ಣೋ" ಎಂದು ಬೆರಳು ಚಾಚಿಕೊಂಡೇ ಬಂದ. ಇದು ಸಕ್ಕರೆ ನೋಡುವುದಲ್ಲ ಎಂದು ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ, ಇದು ಏನು ನೋಡುವುದು ಎಂಬುದೇ ನನಗೆ ಕಲಸುಮೇಲೋಗರವಾಯಿತು.

ಆ ಭಾನುವಾರ ಬೆಳಿಗ್ಗೆ ಸುಜಾತಳ ಬೆರಳು ಚುಚ್ಚಿ ನೋಡಿದರೆ ಒಂದು ಪಾಯಿಂಟ್ ಏಳು. ಇನ್ನೊಂದು ಸ್ಟ್ರಿಪ್ ಹಾಕಿದೆ: ನಾಲ್ಕು ಪಾಯಿಂಟ್ ಒಂದು. ಕಾಲು ಗಂಟೆಯೊಳಗೆ ಒಬ್ಬಳೇ ಹೆಂಗಸಿನ ರಕ್ತ ಗಟ್ಟಿಯೂ ಆಗಿ ನೀರೂ ಆಗಿತ್ತು. ಎರಡನ್ನೂ ಕೂಡಿ ಅರ್ಧ ಮಾಡಿದೆ. ಎರಡು ಪಾಯಿಂಟ್ ಒಂಬತ್ತು, ಸರಿಯಾಗಿದೆ! ನೆಮ್ಮದಿಯಾಗಿ ಉಪ್ಪಿಟ್ಟು ತಿಂದೆ.

ಉಪ್ಪಿಟ್ಟು ಕರಗುವ ಮೊದಲೇ ನೆಮ್ಮದಿ ಕರಗಿತು. ಮೊದಲನೆಯದೇ ನಿಜವಾಗಿದ್ದರೆ? ಇಲ್ಲ, ಎರಡನೆಯದಾದರೆ? ಸೊಪ್ಪು ಹೆಚ್ಚು ತಿಂದರೂ ಏರುಪೇರಾಗುತ್ತದಂತೆ. ಹಿಂದಿನ ದಿನದ ಬಸ್ಸಾರಿನ ಮೇಲೂ ಅನುಮಾನ ಬಂತು. ಮಾತ್ರೆಯನ್ನು ಅರ್ಧ ಮುರಿಯಲೋ ಒಂದೂವರೆ ಕೊಡಲೋ ತಿಳಿಯದೆ ಅಂಗೈಯಲ್ಲಿಟ್ಟುಕೊಂಡು ನಿಂತೆ.

"ಮುರೀಬ್ಯಾಡಿ ಕಣ್ರೀ. ದಿನಾ ಕೊಟ್ಟಂಗೇ ಕೊಡಿ, ನಾಳೆ ಆಸ್ಪತ್ರೇಲಿ ಕೇಳಾನ," ಎಂದಳು ಸುಜಾತ.

ಸೋಮವಾರ ಹಾಸನದ ಬಸ್ಸು ಹತ್ತಿದೆವು. ಅಲ್ಲಿನ ನರ್ಸ್ ಅರಕಲಗೂಡು ಕಡೆಯ ಹುಡುಗಿ. ತನ್ನ ಎದುರಿಗೇ ಮಾಡಿ ತೋರಿಸಿ ಎಂದಳು. ಚುಚ್ಚಿದೆ. ಬೆರಳನ್ನು ಬುಡದಿಂದ ತುದಿಯವರೆಗೆ ಒತ್ತಿ ಒತ್ತಿ ಹಿಂಡಿದೆ. ಬಂದ ಹನಿಯನ್ನು ಸ್ಟ್ರಿಪ್ಪಿಗೆ ಮುಟ್ಟಿಸಿ, ಸಾಲದೇನೋ ಎಂದು ಮೇಲಿನ್ನೊಂದು ಹನಿ ಹಾಕಿದೆ.

"ಮನೇಲಿ ಹಸ ಅವ್ಯಾ ಸಾ?"

"ಎರಡವೆ. ಯಾಕವ್ವಾ?"

"ಹಾಲ್ ಕರೆದಂಗೇ ಕರೀತಿದೀರಲ್ಲ, ಅದುಕ್ಕೆ ಕೇಳ್ದೆ."

ನಲವತ್ತು ವರ್ಷ ಕೆಚ್ಚಲಿಗೆ ಕೂತ ಹೆಬ್ಬೆರಳಿಗೆ ಬೇರೆ ವಿದ್ಯೆ ಬರುವುದಾದರೂ ಹೇಗೆ? ಎರಡನೇ ಹನಿಯೂ ಅಷ್ಟೇ. ಎಲೆಗೆ ಒಂದೇ ಸಲ ಬಡಿಸಿ ಮುಗಿಸುವುದು ನಮ್ಮ ಕಡೆ ಅಪಚಾರ, ಮೇಲಿಷ್ಟು ಹಾಕಲೇಬೇಕು. ಸ್ಟ್ರಿಪ್ಪಿಗೆ ಆ ಉಪಚಾರ ಬೇಡವಂತೆ. ಬಿಸಿನೀರಲ್ಲಿ ಕೈ ತೊಳೆದು ಪೂರ್ತಿ ಒರೆಸಬೇಕು, ಕೈ ಸ್ವಲ್ಪ ಹೊತ್ತು ಕೆಳಗೆ ಬಿಡಬೇಕು, ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ ಮೊದಲ ಹನಿಯನ್ನೇ ತಡಮಾಡದೆ ಮುಟ್ಟಿಸಬೇಕು. ಹಿಂಡಿದರೆ ಲೆಕ್ಕ ಕೆಡುತ್ತದೆ. ಹನಿ ಸಾಲದಿದ್ದರೆ ಆ ಸ್ಟ್ರಿಪ್ ಬಿಸಾಡಿ, ಬೇರೆ ಬೆರಳು, ಹೊಸ ಸ್ಟ್ರಿಪ್. ನಂಬರು ಏನೇ ಬರಲಿ, ಕೇಳದೆ ಮಾತ್ರೆ ಮುಟ್ಟುವಂತಿಲ್ಲ.

ಅವಳೇ ಮಾಡಿದಾಗ ಎರಡು ಪಾಯಿಂಟ್ ಏಳು ಬಂತು. ಲ್ಯಾಬಿನಲ್ಲಿ ಎರಡು ಪಾಯಿಂಟ್ ಎಂಟು. ಎಲ್ಲ ಸರಿಯಾಗೇ ಇತ್ತು. ಭಾನುವಾರ ಆ ಮಾತ್ರೆ ಮುರಿದಿದ್ದರೆ ಎಂದು ನೆನೆದು ನನಗೆ ನಿಜಕ್ಕೂ ಭಯವಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಸುಜಾತಳ ಬೆರಳು ನೋಡಿದೆ. ಹಿಂಡಿದ ಕಡೆಯೆಲ್ಲ ನೀಲಿಗಟ್ಟಿತ್ತು.

"ಇಷ್ಟು ನೋಯ್ತಿದ್ರೆ ಬಾಯ್ಬುಟ್ಟು ಹೇಳ್ಬಾರ್ದಾ?"

"ನಿಮ್ ಕೈ ಅಂಗ್ ನಡುಗ್ತಿತ್ತಲ್ಲ," ಎಂದಳು ಕಿಟಕಿಯಾಚೆ ನೋಡುತ್ತ. "ಗಟ್ಯಾಗ್ ಇಡ್ಕಳಾಕೆ ನಿಮ್ಗೂ ಏನಾರ ಬ್ಯಾಡ್ವಾ?"

ಕವಾಟ ಅವಳದು, ನಡುಕ ನನ್ನದು. ಇಷ್ಟು ದಿನ ಯಾರು ಯಾರನ್ನು ನೋಡಿಕೊಳ್ಳುತ್ತಿದ್ದರು ಎಂಬುದು ಮಾತ್ರ ನನಗೆ ಇನ್ನೂ ಗೊಂದಲ.