ಅಪ್ಪನ ಅಮೆರಿಕನ್ ಬಿಯರು

ಯುರೋಪಿನ ಬಿಯರುಗಳ ಬಗ್ಗೆ ನಾನು ಬಹಳ ಓದಿದ್ದೇನೆ, ಅಲ್ಲಿಗೆ ಹೋಗಿ ಕುಡಿದದ್ದು ಮಾತ್ರ ಒಂದೇ ಮಗ್ಗು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಯಾವ ಊರಿನ ಬಿಯರು ಹೇಗಿತ್ತು ಎಂದು ಯಾರೂ ನನ್ನನ್ನು ನಂಬಿ ಕೇಳಬಾರದು.

ಪ್ರವಾಸಕ್ಕೆ ಮೊದಲು ಕೋಷ್ಟಕ ಹಾಕುವುದು ನನ್ನ ಚಟ. ದಿನಚರಿಯ ಪುಟಕ್ಕೆ ಗೆರೆ ಎಳೆದು ಊರು, ಆ ಊರಿನ ಬಿಯರು, ಬಣ್ಣ, ನೊರೆ, ಕಹಿ, ಕೊನೆಗೆ ಹತ್ತಕ್ಕೆ ಎಷ್ಟು ಅಂಕ ಎಂದೆಲ್ಲ ಬರೆದಿದ್ದೆ. ಎಲ್ಲ ಸರಿಯಾಗಿತ್ತು. ಜೊತೆಗೆ ಬರುವವರು ಅಪ್ಪ ಎಂಬುದಕ್ಕೆ ಮಾತ್ರ ಅದರಲ್ಲಿ ಕಾಲಂ ಇರಲಿಲ್ಲ.

ಕರಾವಳಿಯ ಎಷ್ಟೋ ಮನೆಗಳಲ್ಲಿ ಅಪ್ಪ ಕುಡಿಯುತ್ತಾರೆ, ಮಗನೂ ಕುಡಿಯುತ್ತಾನೆ, ಇಬ್ಬರಿಗೂ ಅದು ಗೊತ್ತಿರುತ್ತದೆ. ಆದರೆ ಮಗ ಅಪ್ಪನ ಎದುರು ಗ್ಲಾಸು ಮುಟ್ಟುವುದಿಲ್ಲ. ಮಸ್ಕತ್ತಿನ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ನಾವಿಬ್ಬರು ಈ ಕಾನೂನನ್ನು ಅಚ್ಚುಕಟ್ಟಾಗಿ ಪಾಲಿಸಿಕೊಂಡು ಬಂದಿದ್ದೆವು. ಅಮ್ಮ ಮಂಗಳೂರಿನಲ್ಲಿ ಅಕ್ಕನ ಜೊತೆ ಇರುವುದರಿಂದ ಮನೆಯಲ್ಲಿ ಸಾಕ್ಷಿಯೂ ಇರಲಿಲ್ಲ. ಗುರುವಾರ ಸಂಜೆ, ಮರುದಿನ ರಜೆ ಎನ್ನುವ ಹೊತ್ತಿಗೆ, ಅಪ್ಪ ಫ್ರಿಜ್ಜಿನ ಕಡೆ ಎರಡು ಸಲ ನೋಡುತ್ತಿದ್ದರು. ಪರವಾನಗಿ ಮಾಡಿಸಿಕೊಂಡು ತಂದ ಅವರ ಡಬ್ಬಿಗಳು ಅದರೊಳಗೆ ಮೊಸರಿನ ಹಿಂದೆ ಇರುತ್ತಿದ್ದವು. ನನಗೆ ಕೂಡಲೇ ಬರ್ಕಾದಲ್ಲಿರುವ ಗೆಳೆಯನ ನೆನಪಾಗುತ್ತಿತ್ತು.

"ಬರ್ಕಾಕ್ಕೆ ಹೋಗಿ ಬರ್ತೇನೆ ಅಪ್ಪ."

"ಹ್ಞೂಂ. ರಾತ್ರಿ ಅಲ್ಲೇ ಉಳಿ. ಅವಸರ ಎಂತ ಇಲ್ಲ."

ಒಮ್ಮೆ ನಾನು ಸೂಪರ್ ಮಾರ್ಕೆಟ್ಟಿನಿಂದ ಅಮಲಿಲ್ಲದ ಮಾಲ್ಟ್ ಪಾನೀಯ ತಂದು ಟಿವಿಯ ಮುಂದೆ ಕೂತು ಕುಡಿಯುತ್ತಿದ್ದೆ. ನೋಡಲು ಅದು ಥೇಟ್ ಬಿಯರಿನ ಡಬ್ಬಿ. ಅಪ್ಪ ಅದನ್ನು ಎತ್ತಿಕೊಂಡು, ಕನ್ನಡಕ ಹಾಕಿ, ಅರಬಿ ಬರೆದಿದ್ದ ಬದಿಯನ್ನೂ ಬಿಡದೆ ಪರೀಕ್ಷಿಸಿ, "ಸೇಬಿನ ರುಚಿಯದ್ದು" ಎಂದು ಮೇಜಿನ ಮೇಲಿಟ್ಟರು. ಆ ಸ್ವರದಲ್ಲಿದ್ದದ್ದು ನಿರಾಳವೋ ನಿರಾಸೆಯೋ ನನಗೆ ಇವತ್ತಿಗೂ ತಿಳಿದಿಲ್ಲ.

ಅಪ್ಪ ಮಸ್ಕತ್ತಿನಲ್ಲೇ ಘಾಲಾ ಎಂಬಲ್ಲಿಯ ಒಂದು ಗ್ಯಾರೇಜಿನಲ್ಲಿ ಲಾರಿ ಬಿಡಿಭಾಗಗಳ ಸ್ಟೋರು ನೋಡಿಕೊಳ್ಳುತ್ತಿದ್ದರು. ಗೇರ್‌ಬಾಕ್ಸು, ಬೇರಿಂಗುಗಳ ಪೆಟ್ಟಿಗೆಯ ಮೇಲೆ ಅಚ್ಚಾದ ಜರ್ಮನಿಯ ಊರುಗಳ ಹೆಸರು ಓದಿ ಓದಿ ಅವು ಅವರಿಗೆ ನೆಂಟರ ಊರುಗಳಂತೆ ಆಗಿಬಿಟ್ಟಿದ್ದವು. ಕೆಲಸ ಬಿಟ್ಟು ಮಂಗಳೂರಿಗೆ ಮರಳುವುದು ನಿಶ್ಚಯವಾದಾಗ, ಏನು ಬೇಕು ಎಂದು ಕೇಳಿದೆ. "ಎಂತದೂ ಬೇಡ. ಆ ಊರುಗಳನ್ನೊಮ್ಮೆ ನೋಡ್ಬೇಕು ಮಾರಾಯ" ಅಂದರು.

ನನಗೂ ಒಂದು ಆಸೆಯಿತ್ತು. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದೂ ನಾವು ಸುಮ್ಮನೆ ಎದುರುಬದುರು ಕೂತು ಮಾತಾಡಿದ್ದು ಕಡಿಮೆ. ಅವರು ಹೋದ ಮೇಲೆ ಉಳಿಯುವುದು ಫೋನು. ಫೋನಿನಲ್ಲಿ ಅಪ್ಪ ಸೆಕೆ ಹೇಗಿದೆ, ಊಟ ಆಯಿತಾ ಎಂದು ಕೇಳಿ ಅಮ್ಮನ ಕೈಗೆ ದಾಟಿಸಿಬಿಡುತ್ತಾರೆ. ಅದಕ್ಕೆ ಮೊದಲು ಒಂದು ಸಂಜೆಯಾದರೂ ಒಂದೇ ಮೇಜಿನಲ್ಲಿ, ಇಬ್ಬರೂ ಒಂದೊಂದು ಗ್ಲಾಸು ಮುಂದಿಟ್ಟುಕೊಂಡು ಕೂರಬೇಕೆಂದಿದ್ದೆ. ಯುರೋಪಿಗೆ ಕಾಲಿಟ್ಟೊಡನೆ ನಮ್ಮ ಕರಾವಳಿಯ ಕಾನೂನು ತನ್ನಷ್ಟಕ್ಕೆ ರದ್ದಾಗುತ್ತದೆ ಎಂಬುದು ನನ್ನ ನಂಬಿಕೆ.

ರದ್ದಾಗಲಿಲ್ಲ. ಮೊದಲ ಊರಿನ ಹೋಟೆಲಿನಲ್ಲೇ ಅಪ್ಪ ನನಗೆ ಬಾಯಿ ತೆರೆಯಲು ಬಿಡದೆ ಆರ್ಡರು ಕೊಟ್ಟರು. ತಮಗೆ ಅಮೆರಿಕನ್ ಬಿಯರು, ಮಗನಿಗೆ ಕಾಫಿ. ಅಮೆರಿಕದವರು ಜಗತ್ತಿಗೆಲ್ಲ ಮಾರುವ, ವಿಮಾನ ನಿಲ್ದಾಣಗಳಲ್ಲಿ ರಾಶಿ ಬಿದ್ದಿರುವ ಆ ಬಿಯರನ್ನು ಜರ್ಮನಿಯಲ್ಲಿ ಕೂತು ಕೇಳುವುದೆಂದರೆ ಉಡುಪಿಯ ಹೋಟೆಲಿನಲ್ಲಿ ಕೂತು ಪ್ಯಾಕೆಟ್ಟಿನ ನೂಡಲ್ಸ್ ಕೇಳಿದ ಹಾಗೆ. ತಂದುಕೊಡುವ ಹುಡುಗಿ ಅಪ್ಪನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅವಳ ನೋಟದಲ್ಲಿ ಅನುಕಂಪವಿತ್ತು. ಹುಡುಕಿ ತಂದೂ ಕೊಟ್ಟಳು.

ಮುಂದಿನ ಊರಿನಲ್ಲೂ ಅದೇ ಆಯಿತು. ನಾನು ಓದಿಕೊಂಡದ್ದನ್ನೆಲ್ಲ ಅಪ್ಪನಿಗೆ ಒಪ್ಪಿಸಿದೆ. ಇಲ್ಲಿ ಊರೂರಿಗೆ ಬಿಯರು ಬೇರೆ, ಬಾವಿಯ ನೀರು ಬದಲಾದರೆ ರುಚಿ ಬದಲಾಗುತ್ತದೆ, ಕೆಲವು ಬಿಯರಿಗೆ ಅದರದೇ ಆಕಾರದ ಗ್ಲಾಸು ಬೇಕು, ಸನ್ಯಾಸಿಗಳು ಮಠದಲ್ಲೇ ತಯಾರಿಸುವ ಬಿಯರೂ ಇದೆ ಎಂದೆಲ್ಲ. ಕೊನೆಗೆ ನನ್ನ ಬ್ರಹ್ಮಾಸ್ತ್ರ ಬಿಟ್ಟೆ. "ನಿಮ್ಮ ಅಮೆರಿಕದ್ದರಲ್ಲಿ ಬಾರ್ಲಿ ಉಳಿಸ್ಲಿಕ್ಕೆ ಅಕ್ಕಿ ಹಾಕ್ತಾರೆ ಅಪ್ಪ."

"ಅಕ್ಕಿಯಾ?" ಅಪ್ಪನ ಮುಖ ಅರಳಿತು. "ಹಾಗಾದ್ರೆ ಗಂಜಿ ತಿಳಿ. ಹೊಟ್ಟೆಗೆ ಒಳ್ಳೇದು."

ಅಮ್ಮ ಫೋನು ಮಾಡಿ, ಅವನು ಅಲ್ಲಿ ಎಂತೆಲ್ಲ ಕುಡಿಯುತ್ತಾನೆ ಎಂದು ವಿಚಾರಿಸಿದಾಗ ಅಪ್ಪ ಹೆಮ್ಮೆಯಿಂದಲೇ ಹೇಳಿದರು: "ಕಾಫಿ. ಬರೀ ಕಾಫಿ. ಅದಕ್ಕೇ ನಿದ್ದೆ ಇಲ್ಲ ಅವನಿಗೆ."

ಪ್ರವಾಸದ ಕೊನೆಯ ಸಂಜೆ ಗಡಿ ದಾಟಿ ಜೆಕ್ ದೇಶದ ಒಂದು ಸಣ್ಣ ಊರಿನಲ್ಲಿದ್ದೆವು. ಅಲ್ಲಿಯ ಕೆಲವು ಹಳೆಯ ಪಬ್ಬುಗಳಲ್ಲಿ ಏನು ಬೇಕು ಎಂದು ಕೇಳುವ ಪದ್ಧತಿಯಿಲ್ಲ. ಕೂತರೆ ಬಿಯರು ಬರುತ್ತದೆ, ಎಷ್ಟು ಜನವೋ ಅಷ್ಟು. ನಾವು ಕಿಟಕಿಯ ಪಕ್ಕ ಕೂತು ಕೋಟು ತೆಗೆಯುವಷ್ಟರಲ್ಲಿ ನರೆ ಮೀಸೆಯವನೊಬ್ಬ ಬಂದು ಎರಡು ದಪ್ಪ ಮಗ್ಗುಗಳನ್ನು ಮೇಜಿನ ಮೇಲೆ ಕುಕ್ಕಿದ. ಆ ಊರಿನದೇ ಬಿಯರು, ಬೆರಳಗಲದ ನೊರೆ.

"ಅಮೆರಿಕನ್?" ಅಪ್ಪ ಮೆಲ್ಲಗೆ ಕೇಳಿದರು.

ಅವನು ಇಲ್ಲವೆಂದು ತಲೆಯಾಡಿಸಿ ಹೋಗಿಯೇಬಿಟ್ಟ. ಅಪ್ಪ ಮಗ್ಗನ್ನು ನೋಡಿದರು. ನಾನು ಗೋಡೆಯನ್ನು ನೋಡಿದೆ.

"ವಾಪಸು ತೆಕ್ಕೊಂಡು ಹೋಗ್ಲಿಕ್ಕೆ ಹೇಳ್ಲಾ?" ಎಂದೆ.

"ಬೇಡ. ಪಾಪ, ತಂದಿಟ್ಟಿದ್ದಾನೆ."

ನೊರೆ ಇಳಿಯುತ್ತಿತ್ತು. ಸುಮ್ಮನಿರಲಾಗದೆ ಕೇಳಿದೆ. "ಆ ಅಮೆರಿಕದ್ದರಲ್ಲಿ ಅಂಥ ರುಚಿ ಎಂತ ಉಂಟು ಅಪ್ಪ?"

"ರುಚಿ ಎಲ್ಲಿ ಉಂಟು ಅದ್ರಲ್ಲಿ? ನೀರು." ಅಪ್ಪ ಮಗ್ಗಿನ ಹಿಡಿಯನ್ನು ಆಚೀಚೆ ತಿರುಗಿಸಿದರು. "ಎರಡು ಕುಡಿದ್ರೂ ನಾಲಿಗೆ ನೆಟ್ಟಗಿರ್ತದೆ. ಅದಕ್ಕೇ."

"ರಜೆಯಲ್ಲಿ ನಾಲಿಗೆ ನೆಟ್ಟಗೆ ಯಾಕೆ?"

"ಎದುರು ನೀನಿರ್ತೀ ಅಲ್ವ ಮಗ." ಅಪ್ಪ ಮಗ್ಗಿನ ಹಿಡಿ ಬಿಟ್ಟರು. "ನನ್ನ ಅಪ್ಪನನ್ನು ನಾನು ಕಳ್ಳಿನ ಗಡಂಗಿನಿಂದ ಹೆಗಲು ಕೊಟ್ಟು ಮನೆಗೆ ತರ್ತಿದ್ದೆ. ದಾರಿಯುದ್ದಕ್ಕೂ ಮಾತಾಡ್ತಿದ್ರು. ಒಂದು ಮಾತೂ ನನಗೆ ಮರೆತು ಹೋಗ್ಲಿಲ್ಲ."

ಅಜ್ಜನ ಬಗ್ಗೆ ಅಪ್ಪ ಹೇಳಿದ್ದು ಅಷ್ಟೇ. ಊರೂರಿನಲ್ಲಿ ನಾನು ಒಳಗೊಳಗೇ ನಕ್ಕ ಆ ಸಪ್ಪೆ ಬಿಯರನ್ನು ಅವರು ಸಪ್ಪೆಯೆಂದು ತಿಳಿದೇ ಆರಿಸಿಕೊಂಡಿದ್ದರು. ಊರುಗಳ ನೀರು, ಗ್ಲಾಸಿನ ಆಕಾರ, ಸನ್ಯಾಸಿಗಳ ಮಠ ಎಂದೆಲ್ಲ ಓದಿದ್ದ ನಾನು ಇದೊಂದನ್ನು ಓದಿರಲಿಲ್ಲ.

"ಇದು ಗಟ್ಟಿ ಉಂಟಾ?" ಅಪ್ಪನೇ ಕೇಳಿದರು.

"ಅದಕ್ಕಿಂತ ಸ್ವಲ್ಪ ಗಟ್ಟಿ."

"ನನ್ನ ಬಾಯಿಂದ ಏನಾದ್ರೂ ಬಂದ್ರೆ ಲೆಕ್ಕಕ್ಕೆ ಇಟ್ಕೊಳ್ಬೇಡ."

"ಬರಲಿ ಅಪ್ಪ. ಬಂದ್ರೆ ಒಳ್ಳೇದೇ."

ಅಪ್ಪ ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಎದ್ದು ತಮ್ಮ ಕುರ್ಚಿಯನ್ನು ಎತ್ತಿ ಕಿಟಕಿಗೆ ಮುಖಮಾಡಿ ಇಟ್ಟುಕೊಂಡು, ಮಗ್ಗನ್ನು ಕಿಟಕಿಯ ದಂಡೆಯ ಮೇಲಿಟ್ಟು, ನನಗೆ ಬೆನ್ನು ಹಾಕಿ ಕೂತರು.

"ನಾನು ಆಚೆ ನೋಡ್ತೇನೆ. ನೀನು ಕುಡಿ."

ಕುಡಿದೆ. ಅಪ್ಪನ ಕತ್ತಿನ ಹಿಂದಿನ ನರೆಗೂದಲು ನೋಡುತ್ತ ಕುಡಿದ ಆ ಮೊದಲ ಗುಟುಕಿನ ರುಚಿ ನನಗೆ ಗೊತ್ತಾಗಲೇ ಇಲ್ಲ.

"ಹೇಗುಂಟು?" ತಿರುಗದೆ ಕೇಳಿದರು.

"ಕಹಿ ಉಂಟು."

"ನಿಧಾನಕ್ಕೆ ಕುಡಿ. ಗಂಟಲಿಗೆ ಸಿಕ್ಕೀತು."

ಅವರೂ ಮಗ್ಗು ಎತ್ತಿದರು. ಗಡಂಗಿನ ದಾರಿ ಎಷ್ಟು ದೂರವಿತ್ತು ಎಂದು ಕೇಳಿದೆ, ಅಪ್ಪ ಹೇಳತೊಡಗಿದರು. ಹೊರಗೆ ಕತ್ತಲಾಗುತ್ತಿತ್ತು. ಕಿಟಕಿಯ ಗಾಜಿನಲ್ಲಿ ನನಗೆ ಅವರ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಅವರಿಗೆ ನನ್ನದೂ ಕಾಣುತ್ತಿದ್ದಿರಬೇಕು.