ಕಾಶವ್ವ ರಂದಾ ಹಿಡಿದದ್ದು

ಖಾನಾಪುರದ ಕಾಡಿನ ರಸ್ತೆಯಲ್ಲಿ ದಿಮ್ಮಿ ತುಂಬಿದ ಲಾರಿ ಉರುಳಿ ಬಾಳಪ್ಪ ಸತ್ತಾಗ ಅವನ ಹೆಂಡತಿ ಕಾಶವ್ವನಿಗೆ ಇಪ್ಪತ್ತಾರು ವರ್ಷ. ಅದು ಎಪ್ಪತ್ತೇಳರ ಬೇಸಿಗೆ. ಬೀಡಿ ಎಂಬ ಊರಿನ ಅವರ ಮನೆಯ ಅಂಗಳದಲ್ಲಿ ಹೆಂಗಸರೆಲ್ಲ ಎದೆ ಬಡಿದುಕೊಂಡು ಅಳುತ್ತಿದ್ದರೆ, ಅವಳು ಕಂಬಕ್ಕೊರಗಿ ಕುಳಿತು ಒಲೆಯ ಮೇಲಿನ ಹಾಲು ಉಕ್ಕಿತೇನೋ ಎಂದು ಯೋಚಿಸುತ್ತಿದ್ದಳು. ಅತ್ತೆ ಪದ್ಮವ್ವ ಭುಜ ಹಿಡಿದು ಅಲುಗಿಸಿದಳು.

“ಅಳು ನನ್ನವ್ವಾ, ಅತ್ರ ಎದಿ ಹಗರ ಆಕ್ಕೈತಿ.”

ಕಾಶವ್ವ ಪ್ರಯತ್ನಿಸಿದಳು. ಬರಲಿಲ್ಲ. ಮಳೆಗಾಲ ಮುಗಿದರೂ ಬರಲಿಲ್ಲ. ಕಲ್ಲೆದೆಯವಳು ಎಂದು ಓಣಿಯಲ್ಲಿ ಮಾತಾಯಿತು. ಮಗನನ್ನು ಕಳೆದುಕೊಂಡ ಪದ್ಮವ್ವನೂ ಒಂದು ದಿನ ಆ ಮಾತನ್ನು ಮುಖಕ್ಕೇ ಆಡಿದಳು.

ಬೆಳಗಾವಿಯ ಟಿಳಕವಾಡಿಯಲ್ಲಿ ಕಿರಾಣಿ ಅಂಗಡಿಯ ಕೆಲಸಕ್ಕಿದ್ದ ಕಾಶವ್ವನ ಅಣ್ಣ ಗುರುಪಾದಪ್ಪ ಬಂದು ಅವಳನ್ನು ಕರೆದೊಯ್ದ. ಕೈಗೊಂದು ಕೆಲಸವಿರಲೆಂದು ಹೊಲಿಗೆ ತರಬೇತಿಗೆ ಸೇರಿಸಲು ಹೋದರೆ ಅಲ್ಲಿ ಜಾಗ ತುಂಬಿತ್ತು. ಅದೇ ಕಟ್ಟಡದ ಹಿಂದೆ, ತಗಡಿನ ಶೆಡ್ಡಿನಲ್ಲಿ, ಹೊಸಬರಿಗೆ ಬಡಿಗತನ ಕಲಿಸುತ್ತಿದ್ದರು. ಅಲ್ಲಿ ಜಾಗವಿತ್ತು. ಹೆಸರು ಬರೆಸಿ ಗೇಟಿನ ಹೊರಗೆ ಬಂದ ಮೇಲೆ ಗುರುಪಾದಪ್ಪ ಗಕ್ಕನೆ ನಿಂತುಬಿಟ್ಟ.

“ತಂಗಿ, ಬಾಳಪ್ಪನ್ನ ತಿಂದ ಕಟ್ಟಿಗಿ ಕೆಲಸಕ್ಕನ ಹಚ್ಚಿದ್ನಲ್ಲಾ ನಿನ್ನ! ನನಗ ಖಬರ ಇರಲಿಲ್ಲ ನೋಡು. ಬ್ಯಾಡಂದ್ರ ಈಗ ಹೋಗಿ ಹೆಸರು ತಗಸ್ತೀನಿ.”

“ಯಾವುದಾದ್ರೇನಣ್ಣಾ,” ಎಂದಳು ಕಾಶವ್ವ.

ಕಲಿಸುವ ನಾಗಲಿಂಗ ಮಾಸ್ತರ ವಯಸ್ಸಾದವರು. ಕಲಿಯುವವರೆಲ್ಲ ಗಂಡಸರು. ಮೊದಮೊದಲು ಅವರು ಇವಳತ್ತ ನೋಡಿ ನಗುತ್ತಿದ್ದರು. ಇವಳಿಗೆ ಅದೂ ತಾಗಲಿಲ್ಲ. ಹಲಗೆಯನ್ನು ಮೇಜಿಗೆ ಬಿಗಿದು, ರಂದಾ ಹಿಡಿದು ನುಣುಪಾಗುವ ತನಕ ಹೆರೆಯುತ್ತಿದ್ದಳು. ತೆಳ್ಳಗಿನ ಸಿಪ್ಪೆ ಸುರುಳಿ ಸುತ್ತಿಕೊಂಡು ಕಾಲ ಮೇಲೆ ಬೀಳುತ್ತಿತ್ತು.

“ಜೋರ ಹಾಕಬ್ಯಾಡವಾ. ಕಟ್ಟಿಗಿ ಎಳಿ ಯಾ ಕಡಿ ಹೊಂಟೈತಿ ನೋಡು, ಆ ಕಡಿನ ಹೋಗು,” ಎನ್ನುತ್ತಿದ್ದರು ಮಾಸ್ತರ. ಅವಳು ಹಾಗೇ ಮಾಡುತ್ತಿದ್ದಳು. ಚೆನ್ನಾಗಿ ಬಂತೆಂದರೂ, ಕೆಟ್ಟಿತೆಂದರೂ ಒಂದೇ ಮುಖ.

ಒಮ್ಮೆ ಸ್ಟೂಲಿನ ಕಾಲು ಕೂಡಿಸಲು ಚೌಕದ ತೂತು ಕೊರೆಯುತ್ತಿದ್ದಳು. ಮಾಸ್ತರ ಹತ್ತಿರ ಬಂದವರೇ ಅವಳ ಕೈಯಿಂದ ಉಳಿ ಕಸಿದುಕೊಂಡರು. ಹಲಗೆಯ ಮೇಲೆ ರಕ್ತ ಹರಡಿತ್ತು. ಎಡಗೈ ಹೆಬ್ಬೆರಳ ಬುಡ ಸೀಳಿತ್ತು.

“ನೋವಾಗಲಿಲ್ಲೇನವಾ?”

ಕಾಶವ್ವ ಕೈಯನ್ನು ತಿರುಗಿಸಿ ನೋಡಿದಳು. “ಆಗಿರಬೇಕ್ರಿ.”

ಮಾಸ್ತರ ತಮ್ಮ ಟವೆಲ್ ಹರಿದು ಗಾಯಕ್ಕೆ ಕಟ್ಟಿದರು. ಆಮೇಲೆ ಅವಳ ಮೇಜನ್ನು ತಮ್ಮ ಮೇಜಿನ ಪಕ್ಕಕ್ಕೆ ಸರಿಸಿಕೊಂಡರು.

ಗಾಯ ಮಾಯ್ದ ಮೇಲೆ ಮಾಡಿದ ಮೊದಲ ಸ್ಟೂಲು ಒಂದು ಕಾಲಲ್ಲಿ ಕುಂಟಿತು. ಎರಡನೆಯದರ ಕಟ್ಟು ಸಡಿಲವಾಯಿತು. ಬೇಸರವೂ ಇಲ್ಲದೆ ಮತ್ತೊಂದಕ್ಕೆ ಗೆರೆ ಎಳೆದಳು. ಅದು ಮುಗಿದ ದಿನ ಮಾಸ್ತರ ಅದರ ಮೇಲೆ ಕುಳಿತು, ಅತ್ತಿತ್ತ ಭಾರ ಹಾಕಿ, ಅಲ್ಲೇ ಕುಳಿತಂತೆ ಒಂದು ಕಪ್ ಚಹಾ ಕುಡಿದು ಎದ್ದರು. “ನಿಂತೈತಿ,” ಎಂದರು.

ಅವತ್ತು ಮನೆಗೆ ಹೋಗುವ ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಬದಿಯ ಗಾಡಿಯಲ್ಲಿ ಮಿರ್ಚಿ ಕರಿಯುತ್ತಿದ್ದರು. ಕಾಶವ್ವನ ಹೊಟ್ಟೆ ಕಿವುಚಿದಂತಾಯಿತು. ಏನಿದು ಎಂದು ಗಾಬರಿಯಾಗಿ ನಿಂತಳು. ಆಮೇಲೆ ತಿಳಿಯಿತು, ಹಸಿವೆ. ಅಷ್ಟು ದಿನ ಅತ್ತಿಗೆ ಬಡಿಸಿದ್ದನ್ನು ಉಂಡಿದ್ದಳು, ಅಷ್ಟೇ. ರಸ್ತೆಯ ಮೇಲೆ ನಿಂತೇ ಬಿಸಿ ಮಿರ್ಚಿ ತಿಂದಳು. ಬಾಯಿ ಸುಟ್ಟಿತು, ಕಣ್ಣಲ್ಲಿ ನೀರು ಬಂತು. ಅದು ಖಾರದ ನೀರೇ. ಬೇರೇನೂ ಅಲ್ಲ.

ತರಬೇತಿ ಮುಗಿಯುವ ಹೊತ್ತಿಗೆ ಮಾಸ್ತರ ಪರಿಚಯದ ಒಂದು ಫೌಂಡ್ರಿಯಲ್ಲಿ ಹೇಳಿಟ್ಟಿದ್ದರು. ಎರಕ ಹೊಯ್ಯುವ ಮೊದಲು ಮರದಲ್ಲಿ ಅದೇ ಆಕಾರದ ಅಚ್ಚು ಮಾಡಬೇಕು. ಅದನ್ನು ಮರಳಲ್ಲಿ ಒತ್ತಿ ತೆಗೆದಾಗ ಉಳಿಯುವ ಗುಳಿಯೊಳಗೆ ಕರಗಿದ ಕಬ್ಬಿಣ ಸುರಿಯುತ್ತಾರೆ. ಆ ಅಚ್ಚಿನ ಕೆಲಸಕ್ಕೆ ಕಾಶವ್ವ ಸೇರಿದಳು. ಮೊದಲು ಉಜ್ಜುಕಾಗದ ತಿಕ್ಕಿದಳು, ಬರಬರುತ್ತ ಪಂಪಿನ ಚಕ್ರದ ಅಚ್ಚನ್ನು ಒಬ್ಬಳೇ ಮಾಡುವಂತಾದಳು. ಗುರುಪಾದಪ್ಪ ಮರುಮದುವೆಯ ಮಾತೆತ್ತಿದಾಗ “ಬ್ಯಾಡಣ್ಣಾ” ಎಂದಳು. ಸಿಟ್ಟೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಬೇರೆಯಾಗಿ ಒಂದು ಬಾಡಿಗೆ ಖೋಲಿ ಹಿಡಿದಳು.

ಎಂಬತ್ನಾಲ್ಕನೆಯ ಇಸವಿಯಲ್ಲಿ ಪದ್ಮವ್ವ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬೆಳಗಾವಿಗೆ ಬಂದು ಸೊಸೆಯ ಖೋಲಿಯಲ್ಲೇ ಇಳಿದಳು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಗೋಡೆಗೆ ಆತು ಕುಳಿತಿದ್ದ ಒಂದು ಸಂಜೆ ಕೇಳಿದಳು:

“ಆವಾಗ ನಿನಗ ಒಂದ ಮಾತ ಅಂದಿದ್ದೆ. ನೆನಪೈತೇನು?”

“ಐತ್ರಿ ಅತ್ತಿ.”

“ಕೆಟ್ಟ ಅನಿಸ್ತೇನು?”

ಕಾಶವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಯೋಚಿಸಿದಳು. “ಏನೂ ಅನಿಸಲಿಲ್ರಿ. ಆಗ ಏನೂ ಅನಿಸ್ತಿರಲಿಲ್ಲ.”

“ಅತ್ತು ಅತ್ತು ನನಗೂ ಹಂಗ ಆಗೇತಿ,” ಎಂದಳು ಪದ್ಮವ್ವ. “ಯಾರ ಮುಂದ ಹೇಳಬೇಕು?”

ಪಟ್ಟಿ ಬಿಚ್ಚಿದ ಮೇಲೂ ಪದ್ಮವ್ವ ಬೀಡಿಗೆ ಮರಳಲಿಲ್ಲ. ಸೊಸೆ ಹೋಗೆನ್ನಲಿಲ್ಲ. ಕಾಶವ್ವ ಫೌಂಡ್ರಿಗೆ ಹೊರಟರೆ ಅತ್ತೆ ಖೋಲಿಯ ಬಾಗಿಲಲ್ಲಿ ಕುಳಿತು ಪಲ್ಯದ ಸೊಪ್ಪು ಸೋಸುತ್ತ, ಬಂದುಹೋಗುವವರನ್ನು ಹೊಸ ಕಣ್ಣಿಂದ ನೋಡುತ್ತಿದ್ದಳು.