ನಾನು ಹಸಿರು ಬಳಿದ ಕೋಡಿ

ಇವತ್ತು ಬೆಳಿಗ್ಗೆ ಅಮೃತೂರು ಬಸ್ಸಿನಲ್ಲಿ ಪಕ್ಕದವರು ಫೋನಿನಲ್ಲಿ ಯಾರಿಗೋ ಕೆರೆ ಕೋಡಿ ಬಿದ್ದ ಸುದ್ದಿ ಹೇಳುತ್ತಿದ್ದರು. ನಮ್ಮ ಕುಣಿಗಲ್ ಕಡೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಕೆರೆ ತುಂಬಿ, ಹೆಚ್ಚಾದ ನೀರು ಕಲ್ಲುಕಟ್ಟೆಯ ಮೇಲೆ ಹರಿದುಹೋಗುವ ಜಾಗವೇ ಕೋಡಿ. ಸುತ್ತ ಕೂತವರೆಲ್ಲ ಖುಷಿಪಟ್ಟರು. ನಾನು ಮಾತ್ರ ಕಿಟಕಿಯ ಕಡೆ ಮುಖ ತಿರುಗಿಸಿದೆ. ಯಾಕೆ ಅಂತ ಹೇಳಿಬಿಡುತ್ತೇನೆ, ಕೇಳಿ.

ಕೆಲವು ವರ್ಷಗಳ ಹಿಂದೆ ತುಮಕೂರಿನ ಒಂದು ಸಣ್ಣ ಆಫೀಸಿನಲ್ಲಿ ಕರಾವಳಿಯ ನಕ್ಷೆಗೆ ಬಣ್ಣ ತುಂಬುತ್ತಿದ್ದೆ. ಹಡಗಿನಿಂದ ಎಣ್ಣೆ ಸೋರಿದರೆ ಯಾವ ದಡಕ್ಕೆ ಅಪಾಯ ಹೆಚ್ಚೋ ಅದಕ್ಕೆ ಕೆಂಪು, ಕಡಿಮೆಯಿದ್ದರೆ ಹಸಿರು. ಎಣ್ಣೆ ತಡೆಯುವ ತೇಲುಬೇಲಿ ಮೊದಲು ಹೋಗುವುದು ಕೆಂಪಿಗೆ. ಸಮುದ್ರವನ್ನೇ ಕಾಣದವನಿಗೆ ಇಂಥ ಕೆಲಸ! ನಗಬೇಡಿ, ಆಫೀಸು ಇಲ್ಲಿತ್ತು, ನಾನೂ ಇಲ್ಲಿದ್ದೆ. ಊರೂರು ಸುತ್ತಿ ಅಲ್ಲಿನ ಜನರ ಮಾತು ಬರೆದು ತರುತ್ತಿದ್ದವಳು ಗುಬ್ಬಿಯ ಶಕೀಲಾ. ನಾನು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

ಅವಳು ತಂದ ಒಂದು ಹಾಳೆಯಲ್ಲಿ ಗುಲಾಬಿ ಎಂಬ ಹೆಂಗಸು, ಕೋಡಿಯಲ್ಲಿ ಚಿಪ್ಪುಮೀನು ಹೆಕ್ಕಿ ಮಾರುವುದೇ ತಮ್ಮ ಜೀವನ ಎಂದು ಹೇಳಿದ್ದರು. 'ಒಂದ್ಸಲ ಬಂದು ನೋಡ್ಬುಡಿ ಸಾರ್' ಎಂದಳು ಶಕೀಲಾ. ಕೋಡಿ ಗೊತ್ತಿಲ್ಲದವನೇನಮ್ಮ ನಾನು, ಅಂತ ಗದರಿದೆ. ಕಲ್ಲುಕಟ್ಟೆ ತಾನೆ, ಎಣ್ಣೆ ನಿಲ್ಲದೆ ಹರಿದುಹೋಗುತ್ತದೆ. ಹಸಿರು ಬಳಿದೆ.

ಅಲ್ಲಿಯವರ ಕೋಡಿಯೇ ಬೇರೆ. ಹೊಳೆ ಕಡಲು ಸೇರುವಲ್ಲಿ ನೀರೊಳಗೆ ಚಾಚಿಕೊಂಡ ಮರಳಿನ ತುದಿಗೆ ಅವರು ಕೋಡಿ ಅನ್ನುತ್ತಾರೆ. ಆ ಮರಳಿಗೆ ಎಣ್ಣೆ ಇಳಿದರೆ ವರ್ಷಗಟ್ಟಲೆ ಅಲ್ಲೇ ಕೂರುತ್ತದೆ. ಇದು ನನಗೆ ತಿಳಿದದ್ದು ಒಂದು ಹಡಗು ಸೋರಿದ ಮೇಲೆ. ತೇಲುಬೇಲಿಗಳೆಲ್ಲ ನನ್ನ ಕೆಂಪು ಜಾಗಗಳಿಗೆ ಹೋದವು. ಗುಲಾಬಿಯವರ ಕೋಡಿಯಲ್ಲಿ ಚಿಪ್ಪುಗಳು ಬಾಯಿ ತೆರೆದು ಸತ್ತವು.

ಶಕೀಲಾ ಹೋಗಿಬಂದಳು. ತಪ್ಪಾದದ್ದು ಹೇಗೆ ಅಂತ ಗುಲಾಬಿಯವರಿಗೆ ಬಿಡಿಸಿ ಹೇಳಿದಳಂತೆ. ತುಂಬಾ ಬೈದರೇನಮ್ಮ, ಎಂದು ಕೇಳಿದೆ.

'ಇಲ್ಲ ಸಾರ್. ನಿಮ್ ಸಾರ್ ಒಂದ್ಸಲ ಬಂದು ನೋಡ್ಬೋದಿತ್ತಲ್ವಾ ಅಂದ್ರು. ಅಷ್ಟೆ.'

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮರುದಿನ ಆ ಜಾಗಕ್ಕೆ ಕೆಂಪು ಬಳಿದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗಾಯಿತು. ಅಳು ಬಂತು. ಆದರೆ ಅವರ ಮುಖ ನೋಡುವ ಧೈರ್ಯ ಇಷ್ಟು ವರ್ಷವಾದರೂ ಬರಲಿಲ್ಲ.

ಇವತ್ತು ಬಸ್ಸಿಳಿದವನೇ ಶಕೀಲಾಗೆ ಫೋನ್ ಮಾಡಿದೆ. ಚಿಪ್ಪು ಇನ್ನೂ ಹುಟ್ಟಿಲ್ಲವಂತೆ. ಗುಲಾಬಿಯವರು ಮೀನು ಕತ್ತರಿಸುವ ಶೆಡ್ಡಿಗೆ ಕೂಲಿಗೆ ಹೋಗುತ್ತಾರಂತೆ, ಭಾನುವಾರ ಮಾತ್ರ ಮನೆಯಲ್ಲಿ ಸಿಗುತ್ತಾರಂತೆ. ಶನಿವಾರದ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ. ನೋಡುವುದಕ್ಕೆ ಅಲ್ಲಿ ಈಗ ಏನೂ ಉಳಿದಿಲ್ಲ ಅಂತ ಗೊತ್ತು.